ಗುಡಿಸದೆ ಬಿಟ್ಟ ಬನ

ಅವರ ಕೊರಳಲ್ಲಿ ಎರಡು ದಾರಗಳಿದ್ದವು. ಒಂದರಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಇನ್ನೊಂದರಲ್ಲಿ ಎಂಟಾಣೆ ಅಗಲದ, ಮಡಚಿಡುವ ಭೂತಗನ್ನಡಿ. ಮೆಟ್ಟಿಲಿಳಿಯುವಾಗ ಎರಡೂ ಒಂದಕ್ಕೊಂದು ತಾಗಿ ಟಿಣ್ ಟಿಣ್ ಎನ್ನುತ್ತಿದ್ದವು. ಆ ಸದ್ದು ಕೇಳಿತೆಂದರೆ ಮೇಷ್ಟ್ರು ಇಳಿದು ಬರುತ್ತಿದ್ದಾರೆ, ಇನ್ನು ನನ್ನ ವ್ಯಾಪಾರ ಕೆಟ್ಟಂತೆಯೇ ಎಂದು ನಾನು ಅಂಗಡಿಯಲ್ಲಿ ಕೂತಲ್ಲೇ ಗೊಣಗಿಕೊಳ್ಳುತ್ತಿದ್ದೆ.

ನನ್ನದು ತರೀಕೆರೆಯಲ್ಲಿ ಗೊಬ್ಬರದಂಗಡಿ, ಅಪ್ಪನ ಕಾಲದ್ದು. ಮುಂದೆ ಅಂಗಡಿ, ಹಿಂದೆ ನಾವು, ಮಹಡಿಯ ಮೇಲೆ ಬಾಡಿಗೆಗೆಂದು ಒಂದು ಸಣ್ಣ ಮನೆ. ಅವರು ಇಲ್ಲಿನ ಕಾಲೇಜಿಗೆ ಸಸ್ಯಶಾಸ್ತ್ರದ ಮೇಷ್ಟ್ರಾಗಿ ವರ್ಗವಾಗಿ ಬಂದು ಆ ಮನೆ ಹಿಡಿದರು. ಹೆಂಡತಿ ಕಡೂರಿನ ಶಾಲೆಯಲ್ಲಿ ಟೀಚರು. ಶನಿವಾರದ ಬಸ್ಸಿಗೆ ಇವರು ಅಲ್ಲಿಗೆ ಹೋಗುವುದು, ಇಲ್ಲವೇ ಅವರು ಇಲ್ಲಿಗೆ ಬರುವುದು. ನಮ್ಮ ಮನೆಯಲ್ಲಿ ಅವರ ಹೆಸರು ಹಿಡಿದವರಿಲ್ಲ. ಮಹಡಿ ಮೇಷ್ಟ್ರು ಎಂದರೆ ಮುಗಿಯಿತು.

ಮೇಷ್ಟ್ರು ಹುಟ್ಟಿದ್ದು ಕಡೂರಿನಾಚೆಯ ಯಗಟಿಯಲ್ಲಿ, ರಾಗಿ ಹೊಲದವರ ಮನೆ. ಹೊಲದಲ್ಲಿ ವರ್ಷಕ್ಕೊಮ್ಮೆಯಾದರೂ ಕುರಿಮಂದೆ ನಿಲ್ಲಿಸದಿದ್ದರೆ ಪೈರು ಮೇಲೇಳುವುದಿಲ್ಲ ಎಂಬುದನ್ನು ನೋಡಿ ಬೆಳೆದವರು. ಕಾಡು ನೋಡಿದ್ದೇ ಕಾಲೇಜಿಗೆ ಸೇರಿದ ಮೇಲಂತೆ. ಸಹಪಾಠಿಗಳೆಲ್ಲ ಹೆಬ್ಬೆ ಫಾಲ್ಸಿನ ನೀರಿಗೆ ತಲೆಯೊಡ್ಡಿ ಕಿರುಚುತ್ತಿದ್ದರೆ ಇವರು ದಾರಿಯಲ್ಲೇ ಒಂದು ಮರದ ಬುಡದಲ್ಲಿ ಕೂತುಬಿಟ್ಟಿದ್ದರಂತೆ. ಇಷ್ಟೆತ್ತರದ ಮರಕ್ಕೆ ಇಲ್ಲಿ ಕುರಿ ನಿಲ್ಲಿಸೋರು ಯಾರು, ಗೊಬ್ಬರ ಹೊರೋರು ಯಾರು ಎಂಬುದು ಅವರ ಪ್ರಶ್ನೆ. ಆ ದಿನ ತೆರೆದ ಬಾಯಿ ಇನ್ನೂ ಮುಚ್ಚಿಲ್ಲ ಕಣ್ರೀ ಎಂದು ಅವರೇ ನಗುತ್ತಿದ್ದರು. ನಾನು ಕಂಡಂತೆ ಅದು ನಿಜ.

ಬಂದ ಮೊದಲ ಮಳೆಗಾಲದಲ್ಲೇ ರಾದ್ಧಾಂತವಾಯಿತು. ನಮ್ಮದು ಮಠಕ್ಕೆ ನಡೆದುಕೊಳ್ಳುವ ಮನೆತನ. ಅಣಬೆ ನಮ್ಮ ಹೊಸ್ತಿಲು ದಾಟುವಂತಿಲ್ಲ. ನಮ್ಮವ್ವನ ಪಾಲಿಗೆ ಅಣಬೆಯೂ ಒಂದೇ, ಬಾಡೂ ಒಂದೇ. ಒಂದು ಭಾನುವಾರ ಮೇಷ್ಟ್ರು ಲಿಂಗದಹಳ್ಳಿ ಕಡೆಯ ಕಾಡು ಸುತ್ತಿ, ತೊಯ್ದು ತೊಪ್ಪೆಯಾಗಿ ಬಂದು ಜಗಲಿಯಲ್ಲಿ ಊಟದ ಕ್ಯಾರಿಯರ್ ಇಟ್ಟು ಕಾಲು ತೊಳೆಯಲು ಹೋದರು. ಒಬ್ಬರೇ ಇರುವ ಗಂಡಸು, ಪಾಪ, ತೊಳೆದಿಡೋಣ ಎಂದು ಅವ್ವ ಮುಚ್ಚಳ ತೆಗೆದಳು. ಮೇಲಿನ ಡಬ್ಬಿಯ ತುಂಬ ಕುಂಕುಮ ಬಣ್ಣದ ಅಣಬೆ. ಕೆಳಗಿನದರಲ್ಲಿ ಮಣ್ಣು ಮೆತ್ತಿದ ಬೇರು. ಅವಳು ಡಬ್ಬಿಯನ್ನು ಅಂಗಳಕ್ಕೆಸೆದು ನನ್ನನ್ನು ಕೂಗಿದಳು.

"ಲಿಂಗ ಕಟ್ಕೊಂಡೋರು ಇದ್ನ ಮನೆಗೆ ತರ್ತಾರೇನಪ್ಪಾ? ನಾಳೆನೇ ಮನೆ ಖಾಲಿ ಮಾಡಕ್ಕೇಳು."

ಮೇಷ್ಟ್ರು ಅಂಗಳಕ್ಕಿಳಿದು ಬೇರುಗಳನ್ನು ಆರಿಸಿಕೊಂಡು, ಚೊಂಬಿನ ನೀರಿನಲ್ಲಿ ಮೆಲ್ಲಗೆ ಜಾಲಿಸಿ, ಕ್ಯಾರಿಯರಿನ ಮುಚ್ಚಳದ ಮೇಲೆ ಹರಡಿದರು. ಕೊರಳಿನ ಭೂತಗನ್ನಡಿ ಬಿಚ್ಚಿ ಅವ್ವನ ಮುಂದೆ ಹಿಡಿದರು. ಅವಳು ಮುಖ ತಿರುಗಿಸಿದಳು. ಇವರು ಹಿಡಿದ ಕೈ ಇಳಿಸಲಿಲ್ಲ. ಕೊನೆಗೆ ಅದೇನು ಸುಡುಗಾಡು ತೋರಿಸಿ ಎಂದು ಅವಳೇ ಕಿತ್ತುಕೊಂಡು ಬಗ್ಗಿದಳು. ಬಗ್ಗಿದವಳು ಏಳಲೇ ಇಲ್ಲ. ನಾನು ಗಾಬರಿಯಾಗಿ ಏನವ್ವಾ ಎಂದೆ.

"ಬೇರಿನ ತುದಿ ತುದೀಗೂ ಬಿಳೀ ಕುಪ್ಪಸ ತೊಡಿಸ್ದಂಗೈತಲ್ಲೋ. ಯಾರು ಹೊಲ್ದಿದ್ದು ಇದ್ನ?"

ಅಂಗಳದಲ್ಲಿ ಬಿದ್ದಿದ್ದ ಅಣಬೆಯ ಕಡೆಗೆ ಮೇಷ್ಟ್ರು ಕೈ ತೋರಿಸಿದರು. ನಾವು ನೋಡುವ ಕೊಡೆ ಬರೀ ಅದರ ಹಣ್ಣು, ಅಸಲು ಜೀವ ನೆಲದ ಕೆಳಗೆ ನೂಲಾಗಿ ಹರಡಿರುತ್ತದೆ, ಆ ನೂಲೇ ಬೇರನ್ನು ಹೀಗೆ ಹೊದ್ದಿಸುತ್ತದೆ ಎಂದು ಅವ್ವನಿಗೆ ಬಿಡಿಸಿ ಹೇಳಿದರು. ಅವ್ವ ಮನೆ ಖಾಲಿ ಮಾಡಿಸಲಿಲ್ಲ. ಆದರೆ ಅಣಬೆ ಮಹಡಿಯ ಬಯಲಿನಲ್ಲಿ ತಗಡಿನ ಕೆಳಗಿರಬೇಕು, ಒಳಗೆ ಬರಕೂಡದು ಎಂದು ಕಟ್ಟಪ್ಪಣೆ ಮಾಡಿದಳು. ಮೇಷ್ಟ್ರು ಇರುವಷ್ಟು ವರ್ಷವೂ ಅದಕ್ಕೆ ತಪ್ಪಲಿಲ್ಲ. ಜಡಿಮಳೆಯಲ್ಲೂ ಕೊಡೆ ಹಿಡಿದು ಹೊರಗೆ ನಿಂತೇ ಅದನ್ನು ನೋಡುತ್ತಿದ್ದರು.

ಸಂಜೆ ಕಾಲೇಜು ಬಿಟ್ಟ ಮೇಲೆ ಕಾಗದದ ಪೊಟ್ಟಣದಲ್ಲಿ ಖಾರ ಮಂಡಕ್ಕಿ ಹಿಡಿದು ನಮ್ಮ ಅಂಗಡಿಯ ಯೂರಿಯಾ ಚೀಲದ ಮೇಲೆ ಕೂರುವುದು ಅವರ ಅಭ್ಯಾಸ. ನನಗೆ ಸಾರಜನಕವೆಂದರೆ ಚೀಲ. ಬಂತು, ಇಳಿಸಿದೆ, ಮಾರಿದೆ. ಅವರ ಬಾಯಲ್ಲಿ ಅದು ಕಥೆಯಾಗುತ್ತಿತ್ತು. ನಾವು ಉಸಿರಾಡುವ ಗಾಳಿಯ ಮುಕ್ಕಾಲು ಪಾಲು ಸಾರಜನಕವೇ, ಆದರೂ ಮರ ಅದನ್ನು ಎಳೆದುಕೊಳ್ಳಲಾರದು. ಕಾಡಿನ ನೆಲದಲ್ಲಿ ಬೇಕಾದಷ್ಟಿದೆ, ಅದೂ ಸತ್ತ ಎಲೆಯಲ್ಲಿ, ಸತ್ತ ಹುಳದಲ್ಲಿ ಬೀಗ ಹಾಕಿದ ಕಣಜದಂತೆ ಕೂತಿದೆ. ಬೇರಿಗೆ ಆ ಬೀಗ ತೆಗೆಯುವುದು ಅಷ್ಟು ಸುಲಭವಲ್ಲ. ಕೂದಲಿಗಿಂತ ಎಷ್ಟೋ ಸಣ್ಣ ಅಣಬೆಯ ನೂಲು ಬೇರು ನುಗ್ಗಲಾರದ ಸಂದಿಗೆಲ್ಲ ನುಗ್ಗುತ್ತದೆ, ತನ್ನ ರಸ ಬಿಟ್ಟು ಆ ಗಟ್ಟಿ ಸರಕನ್ನು ತುಂಡು ತುಂಡು ಮಾಡುತ್ತದೆ, ತಾನಷ್ಟು ಉಂಡು ಉಳಿದದ್ದನ್ನು ನೂಲಿನೊಳಗೇ ಸಾಗಿಸಿ ಬೇರಿಗೆ ಮುಟ್ಟಿಸುತ್ತದೆ. ಮರ ಬಿಸಿಲಲ್ಲಿ ತಯಾರಿಸಿದ ಸಕ್ಕರೆಯಲ್ಲಿ ಒಂದು ಪಾಲನ್ನು ಕೆಳಕ್ಕಿಳಿಸಿ ಅಣಬೆಗೆ ಕೊಡುತ್ತದೆ. ಮಣ್ಣಿನಲ್ಲಿರುವ ಪುಟಾಣಿ ಹುಳವನ್ನು ತಾನೇ ಹಿಡಿದು ಕೊಂದು, ಅದರ ಸಾರವನ್ನು ಮರಕ್ಕೆ ಮುಟ್ಟಿಸುವ ಅಣಬೆಯೂ ಇದೆಯಂತೆ. ಇದನ್ನು ಹೇಳುವಾಗ ಮೇಷ್ಟ್ರು ಮಂಡಕ್ಕಿ ಬಾಯಿಗೆ ಹಾಕಿಕೊಳ್ಳುವುದನ್ನೇ ಮರೆಯುತ್ತಿದ್ದರು.

ಹಂಗಾದ್ರೆ ನನ್ನ ಅಂಗಡಿಗೆ ಬೀಗ ಹಾಕ್ಲಾ ಮೇಷ್ಟ್ರೇ ಎಂದು ನಾನು ಕೆಣಕುತ್ತಿದ್ದೆ. ಜೋಳಕ್ಕೂ ರಾಗಿಗೂ ಅಡಿಕೆಗೂ ಇಂಥ ಕುಪ್ಪಸದ ಅಣಬೆ ಇರುವುದಿಲ್ಲ, ಅವುಗಳ ಬೇರಿನ ಒಳಗೇ ಇರುವ ಅಣಬೆಗಳೇ ಬೇರೆ, ಅವುಗಳ ಕೆಲಸವೇ ಬೇರೆ, ನೀವು ಹೆದರಬೇಡಿ ಎಂದು ಅವರು ಸಮಾಧಾನ ಮಾಡುವರು. ಆಮೇಲೆ ಕೂತ ಚೀಲವನ್ನೇ ತಟ್ಟಿ ಹೇಳುವರು: "ಇದು ಬಡಿಸಿದ ಊಟ ಕಣ್ರೀ ಸಾವ್ಕಾರ್ರೇ. ಅದು ದುಡಿದ ಊಟ. ದಿನಾ ಎಲೆಗೇ ಬಡಿಸ್ತಾ ಹೋದ್ರೆ ಮರ ಆ ಅಣಬೆನ ಮನೆಯಿಂದ ಹೊರಗೆ ಹಾಕುತ್ತೆ."

ಅವರಲ್ಲಿ ನನಗೆ ವಿಚಿತ್ರವೆನಿಸುತ್ತಿದ್ದ ಗುಣವೆಂದರೆ, ಗೊತ್ತಿಲ್ಲ ಎನ್ನುವಾಗ ಅವರ ಮುಖ ಅರಳುತ್ತಿತ್ತು. ದೊಡ್ಡ ಮರ ಚಿಕ್ಕ ಮರಕ್ಕೆ ಈ ನೂಲಿನ ದಾರಿಯಲ್ಲೇ ಉಣಿಸುತ್ತದಂತಲ್ಲ, ಮೊಬೈಲಿನಲ್ಲಿ ಬಂದಿತ್ತು ಎಂದು ಒಮ್ಮೆ ಕೇಳಿದೆ. ಹಾಗೆ ಹೇಳುವವರಿದ್ದಾರೆ, ಇಲ್ಲವೆನ್ನುವವರೂ ಇದ್ದಾರೆ, ನನಗಂತೂ ಗೊತ್ತಿಲ್ಲ ಎಂದು ಮಗುವಿನಂತೆ ನಕ್ಕರು. ನಾನು ಗಿರಾಕಿಯ ಮುಂದೆ ಗೊತ್ತಿಲ್ಲ ಎಂದರೆ ಅವನು ಎದುರಂಗಡಿಗೆ ಹೋಗುತ್ತಾನೆ. ಇವರು ಅದೇ ಮಾತನ್ನು ಮೇಜಿನ ಮೇಲೆ ಹಬ್ಬದಡುಗೆ ಇಟ್ಟಂತೆ ಇಡುತ್ತಿದ್ದರು.

ಹೀಗಿರುವಾಗ ಒಂದು ಸೋಮವಾರ ಬನದಜ್ಜ ಅಂಗಡಿಗೆ ಬಂದ. ಲಿಂಗದಹಳ್ಳಿ ದಾಟಿ ಬೆಟ್ಟದ ಬುಡಕ್ಕೆ ಹೋದರೆ ಒಂದು ಸಣ್ಣ ದೇವರ ಬನವಿದೆ. ಅಜ್ಜ ಅಲ್ಲಿನ ಪೂಜೆಯವನು, ಬೇಸಾಯದ ಮನುಷ್ಯ. ಆ ದೇವರಿಗೆ ಅಂಗಡಿಯ ಊದುಬತ್ತಿ ಹಚ್ಚುವಂತಿಲ್ಲ. ಬನದಲ್ಲೇ ಬೆಳೆದ ಧೂಪದ ಮರದ ಅಂಟನ್ನೇ ಕೆಂಡಕ್ಕೆ ಹಾಕಬೇಕು. ಹಿಂದೆ ಹಲವು ಧೂಪದ ಮರಗಳಿದ್ದವಂತೆ. ಉಳಿದದ್ದು ಒಂದೇ, ಅದೂ ನೆತ್ತಿಯಿಂದ ಒಣಗುತ್ತ ಬರುತ್ತಿತ್ತು. ಪ್ರತಿ ಮಳೆಗಾಲ ಅಜ್ಜ ಬೀಜ ಊರುತ್ತಿದ್ದ. ಬೀಜ ಜೋರಾಗಿಯೇ ಮೊಳೆಯುತ್ತಿತ್ತು, ನಾಲ್ಕು ಎಲೆ ಬಿಡುತ್ತಿತ್ತು, ಆಮೇಲೆ ಹಳದಿಗೆ ತಿರುಗಿ ಬೇಸಿಗೆಗೆ ಸಾಯುತ್ತಿತ್ತು. ಅಜ್ಜ ನನ್ನ ಹತ್ತಿರ ಬಂದದ್ದು ಸಸಿ ಉಳಿಯುವಂಥ ಜೋರಾದ ಗೊಬ್ಬರ ಕೇಳಲಿಕ್ಕೆ.

"ನಮ್ಮಪ್ಪನ ಕೈಲಿ ಉಳೀತು, ಅವ್ರಪ್ಪನ ಕೈಲಿ ಉಳೀತು. ನನ್ ಕೈಲೇ ದೇವ್ರಿಗೆ ಧೂಪ ಇಲ್ದಂಗಾಗೋಯ್ತದಲ್ಲ ಸಾವ್ಕಾರ್ರೇ" ಎಂದ. ಚೀಲದ ಮೇಲೆ ಕೂತಿದ್ದ ಮೇಷ್ಟ್ರು ಮಂಡಕ್ಕಿ ಪೊಟ್ಟಣ ಮಡಿಸಿ ಎದ್ದು ನಿಂತರು.

ಮುಂದಿನ ಭಾನುವಾರ ನನ್ನ ಬೈಕಿನಲ್ಲಿ ಇಬ್ಬರೂ ಹೋದೆವು. ಬನದೊಳಗೆ ಕಾಲಿಟ್ಟಾಗ ನನಗೆ ಖುಷಿಯೇ ಆಯಿತು, ಅಷ್ಟು ಚೊಕ್ಕಟ. ನೆಲ ಕಣ ಸಾರಿಸಿದ ಹಾಗಿತ್ತು, ಒಂದು ತರಗೆಲೆ ಇಲ್ಲ. ದಿನಾ ಬೆಳಗ್ಗೆ ಗುಡಿಸ್ತೀನಿ, ಸೋಮವಾರ ಸಗಣಿ ನೀರು ಚಿಮುಕಿಸ್ತೀನಿ, ಎಲೆಯನ್ನೆಲ್ಲ ಒಟ್ಟಿ ಸುಡ್ತೀನಿ ಎಂದು ಅಜ್ಜ ಹೆಮ್ಮೆಯಿಂದ ತೋರಿಸಿದ. ಅವನ ಅಪ್ಪ ಗುಡಿಯ ಮುಂದಿನಷ್ಟು ಜಾಗ ಮಾತ್ರ ಗುಡಿಸುತ್ತಿದ್ದನಂತೆ. ದೇವರ ಮರಕ್ಕೆ ಕಸ ಮುಟ್ಟಬಾರದೆಂದು ಇವನು ಇಡೀ ಬನವನ್ನೇ ಗುಡಿಸಲು ಹಿಡಿದಿದ್ದ. ಮೇಷ್ಟ್ರ ಮುಖ ಸಣ್ಣದಾಯಿತು. ನನಗೂ ಏನೋ ಹೊಳೆದಂತಾಯಿತು.

ಮೇಷ್ಟ್ರು ಮರದ ಬುಡದ ಹತ್ತಿರ ಮೊಣಕಾಲೂರಿ, ಬೆರಳಿನಲ್ಲೇ ಮಣ್ಣು ಕೆದಕಿ ಎಳೆ ಬೇರೊಂದನ್ನು ಎತ್ತಿದರು. ಬೋಳು ಬೇರು. ಆಮೇಲೆ ಅಜ್ಜನ ಕೈ ಹಿಡಿದುಕೊಂಡು ಬನದ ಅಂಚಿಗೆ, ಪೊರಕೆ ತಲುಪದ ಇಳಿಜಾರಿಗೆ ಹೋದರು. ಅದೇ ಮರದ ಬೇರು ಅಲ್ಲಿಗೂ ಹರಿದಿತ್ತು. ಕೊಳೆತ ಎಲೆಯ ಪದರ ಸರಿಸಿದರೆ ಕೆಳಗೆ ಜೇಡನ ಬಲೆಯಂಥ ಬಿಳಿ ನೂಲು, ಬೇರಿನ ತುದಿಗಳಿಗೆಲ್ಲ ಬಿಳಿ ಹೊದಿಕೆ. ಎರಡೂ ಬೇರನ್ನು ಅಂಗೈ ಮೇಲಿಟ್ಟು ಭೂತಗನ್ನಡಿಯನ್ನು ಅಜ್ಜನಿಗೆ ಕೊಟ್ಟರು. ಒಣಗದೆ ಉಳಿದಿರುವ ಕೊಂಬೆಗಳಿಗೂ ಅನ್ನ ಬರುತ್ತಿರುವುದು ಈ ಅಂಚಿನಿಂದಲೇ ಇರಬೇಕು ಎಂದರು. ಅಜ್ಜ ಬಹಳ ಹೊತ್ತು ನೋಡಿದ. ಮೇಷ್ಟ್ರು ಬೇರೇನೂ ಹೇಳುವ ಮೊದಲೇ ಅವನಿಗೆ ಅರ್ಥವಾಗಿತ್ತು.

"ಅಂದ್ರೆ ಇದರ ತಟ್ಟೆ ಅನ್ನನ ನಾನೇ ಗುಡಿಸಿ ಸುಡ್ತಿದ್ನಾ?"

ಮೇಷ್ಟ್ರು, ನೀವು ಗುಡಿಸಿದ್ದು ಭಕ್ತಿಯಿಂದ ಅಜ್ಜ ಎಂದಷ್ಟೇ ಹೇಳಿ ಅವನ ಪಕ್ಕದಲ್ಲಿ ಕೂತರು. ಅಜ್ಜ ಹೆಗಲ ಮೇಲಿನ ಟವೆಲಿನಿಂದ ಕಣ್ಣೊರೆಸಿಕೊಂಡ. ದೇವರನ್ನು ಕೇಳದೆ ಪೊರಕೆ ಕೆಳಗಿಡುವಂತಿಲ್ಲ ಎಂದ.

ಆ ಕಡೆ ಹೂ ಕೇಳುವ ಪದ್ಧತಿಯಿದೆ. ದೇವರ ಮೈಮೇಲೆ ನೀರಿನಲ್ಲದ್ದಿದ ಹೂ ಅಂಟಿಸಿ ಕಾಯುವುದು. ಬಲಗಡೆ ಬಿದ್ದರೆ ಅಪ್ಪಣೆ, ಎಡಗಡೆ ಬಿದ್ದರೆ ಇಲ್ಲ. ಅಜ್ಜ ಮಿಂದು ಬಂದು ಎರಡು ಕಡೆಗೂ ಹೂವಿಟ್ಟು ಕೂತ. ಎಡಗಡೆಯದು ಬಿದ್ದರೆ ಮೇಷ್ಟ್ರ ವಿದ್ಯೆಯೆಲ್ಲ ಅಲ್ಲಿಗೇ ಮುಗಿಯಿತು, ಮರವೂ ಮುಗಿಯಿತು. ಮೇಷ್ಟ್ರು ಅಂಗಿ ಕಳಚಿ ಕೈಮುಗಿದು ನಿಂತಿದ್ದರು. ಹೊತ್ತು ಏರಿತು. ಹೂ ಬೀಳಲಿಲ್ಲ, ಬಲಗಡೆಯದೂ ಇಲ್ಲ, ಎಡಗಡೆಯದೂ ಇಲ್ಲ. ನೀರಾರಿ ಹೂ ಬಾಡತೊಡಗಿತು. ಕೊನೆಗೆ ಅಜ್ಜ ಎದ್ದು ನಿಂತ.

"ದೇವ್ರು ಏನೂ ಅಂತಿಲ್ಲ. ಅಂದ್ರೆ ನಮಗೇ ಬಿಟ್ಟವ್ನೆ. ಅಪ್ಪ ಎಷ್ಟು ಗುಡಿಸ್ತಿದ್ನೋ ಅಷ್ಟೇ ಗುಡಿಸ್ತೀನಿ."

ಹೇಳುವುದು ಸುಲಭ. ಎಲೆ ಬೀಳುತ್ತ ಬೀಳುತ್ತ ಬನದಲ್ಲಿ ಮಂದವಾಗಿ ಹಾಸಿತು. ಊರಿನವರು ಸುಮ್ಮನಿರುತ್ತಾರೆಯೇ? ಅಜ್ಜನಿಗೆ ಮೈಗಳ್ಳತನ ಹತ್ತಿತು, ದೇವರ ಜಾಗವನ್ನು ತಿಪ್ಪೆ ಮಾಡಿದ, ಯಾರೋ ಕಾಲೇಜಿನವನ ಮಾತು ಕೇಳಿ ಕೆಟ್ಟ ಎಂದು ಅವನ ಮುಖಕ್ಕೇ ಅಂದರು. ಈ ಸುದ್ದಿ ಅಂಗಡಿಗೆ ಬಂದ ದಿನ ಮೇಷ್ಟ್ರು ಮಂಡಕ್ಕಿ ತರಲಿಲ್ಲ. ಮರ ಹೋದರೆ ವಯಸ್ಸಾಗಿ ಹೋಯಿತು ಅನ್ನಬಹುದು, ಆದರೆ ಇನ್ನು ಮೊಳೆಯುವ ಸಸಿಯೂ ಸತ್ತರೆ ಅಜ್ಜನ ಮಾನವೂ ಹೋಗುತ್ತದೆ, ಅದಕ್ಕೆ ಕಾರಣ ನಾನು ಎಂದು ಚೀಲದ ಮೇಲೆ ತಲೆ ತಗ್ಗಿಸಿ ಕೂತಿದ್ದರು.

ಆ ವರ್ಷದ ಮಳೆಗಾಲ ಮೇಷ್ಟ್ರು ಧೂಪದ ಬೀಜ ಬಿದ್ದ ಕೂಡಲೇ ಆರಿಸಿ ತಂದು ನಮ್ಮ ಮಹಡಿಯ ಬಯಲಿನಲ್ಲಿ ಕಪ್ಪು ಪ್ಯಾಕೆಟ್ಟುಗಳಲ್ಲಿ ಊರಿದರು. ಒಂದು ಸಾಲಿಗೆ ಜರಡಿ ಹಿಡಿದ ಬರೀ ಮಣ್ಣು. ಇನ್ನೊಂದು ಸಾಲಿಗೆ ಅದೇ ಮಣ್ಣಿಗೆ ಬನದಂಚಿನ ಎಲೆಯಡಿಯ ಮಣ್ಣು ಬೆರೆಸಿದ್ದು. ನನಗೆ ಹಟ ಬಂತು. ನನ್ನದೂ ಒಂದು ಸಾಲಿರಲಿ, ಬರೀ ಮಣ್ಣಿಗೆ ನಮ್ಮಂಗಡಿ ಯೂರಿಯಾ ಕೊಟ್ಟು ಬೆಳೆಸುತ್ತೇನೆ, ಆಗ ನೋಡಿ ಎಂದೆ. ಅವರಿಗೆ ನನಗಿಂತ ಹೆಚ್ಚು ಉತ್ಸಾಹ. ಮೂರು ಸಾಲೂ ಇರಲಿ, ಯಾರಿಗೆ ಗೊತ್ತು ಎಂದರು.

ಮೊದಲ ಸಾಲು ಬೀಜದಲ್ಲಿದ್ದ ಬುತ್ತಿ ಮುಗಿಯುವವರೆಗೆ ಬೆಳೆದು ಹಳದಿಯಾಗಿ ಸತ್ತಿತು. ನನ್ನ ಸಾಲು ಕಡು ಹಸಿರು, ದೊಡ್ಡ ದೊಡ್ಡ ಎಲೆ. ನಾನು ಬಂದು ಹೋಗುವವರನ್ನೆಲ್ಲ ಮಹಡಿ ಹತ್ತಿಸಿ ತೋರಿಸಿದೆ. ಬನದ ಮಣ್ಣಿನ ಸಾಲು ಗಿಡ್ಡಗೆ, ಸುಮ್ಮನೆ, ಹಸಿರಾಗಿ ನಿಂತಿತ್ತು. ಮರುವರ್ಷ ಮಳೆ ಹಿಡಿದಾಗ ಉಳಿದ ಎರಡು ಸಾಲನ್ನೂ ಬನದಲ್ಲಿ ನೆಟ್ಟೆವು. ಆಮೇಲಿನ ಬೇಸಿಗೆ ಬಿರುಸಾಗಿತ್ತು. ನನ್ನ ಗಿಡಗಳು ನೀರಿಲ್ಲದ ವೀಳ್ಯದೆಲೆಯಂತೆ ಜೋತು ಬಿದ್ದು ಒಂದೊಂದಾಗಿ ಒಣಗಿದವು. ಕಿತ್ತು ನೋಡಿದರೆ ಬೇರು ಬೋಳು. ಹೊರಗೆ ಹೋಗಿ ತಾವೇ ಅನ್ನ ನೀರು ಹುಡುಕಿಕೊಳ್ಳುವುದು ಅವಕ್ಕೆ ಬಂದಿರಲಿಲ್ಲ. ಗಿಡ್ಡ ಗಿಡಗಳು ಅಲ್ಲಾಡಲಿಲ್ಲ. ನನಗೆ ಸಿಟ್ಟು ಬಂದದ್ದೂ ನಿಜ, ಮೈ ಜುಮ್ಮೆಂದದ್ದೂ ನಿಜ.

ಮುಂಗಾರಿನ ಮೊದಲ ನಾಲ್ಕು ಮಳೆ ಬಿದ್ದ ಮೇಲೆ ಅಜ್ಜ ಬೆಳಗಿನ ಬಸ್ಸಿಗೇ ಬಂದ. ಬನ್ನಿ ಎಂದನೇ ಹೊರತು ಯಾಕೆಂದು ಹೇಳಲಿಲ್ಲ. ಹೋಗಿ ನೋಡುತ್ತೇವೆ, ಆ ಗಿಡ್ಡ ಸಸಿಗಳ ಸುತ್ತ, ತರಗೆಲೆಯನ್ನು ಎತ್ತಿಕೊಂಡು, ಕುಂಕುಮ ಬಣ್ಣದ ಕೊಡೆಗಳು. ದೊಡ್ಡ ಮರದ ಬುಡದ ತನಕ ಅಲ್ಲಲ್ಲಿ, ಅಲ್ಲಲ್ಲಿ. ಮೇಷ್ಟ್ರು ಚಪ್ಪಲಿ ಬಿಟ್ಟು ನೆಲದ ಮೇಲೆ ಬೋರಲು ಮಲಗಿಬಿಟ್ಟರು, ಕಾಲೇಜಿನ ಪ್ಯಾಂಟು ಶರಟಿನಲ್ಲೇ. ಅವರ ಕಣ್ಣಲ್ಲಿ ನೀರಿತ್ತು.

"ಇಷ್ಟು ದಿನ ಕೆಳಗೆ ದುಡೀತಿದ್ರು. ಈಗ ಮುಖ ತೋರಿಸೋಕೆ ಬಂದವ್ರೆ" ಎಂದು ಪಿಸುಗುಟ್ಟಿದರು.

ನಾನು ಎಷ್ಟೋ ದೇವಸ್ಥಾನಕ್ಕೆ ಹೋದವನು, ಎಷ್ಟೋ ಮಂಗಳಾರತಿ ಕಂಡವನು. ಆ ಬೆಳಗ್ಗೆ ಬನದ ನೆಲದ ಮೇಲೆ ನಿಂತಾಗ ಅಂಗಾಲಿನಡಿ ಏನೋ ಕೆಲಸ ನಡೆಯುತ್ತಿದೆ, ಯಾರ ಅಪ್ಪಣೆಗೂ ಕಾಯದೆ, ಯಾರಿಗೂ ಕಾಣದೆ ಲೋಕದ ಅಡುಗೆಮನೆಯೊಂದು ನಡೆಯುತ್ತಿದೆ ಅನ್ನಿಸಿತು. ಕಾಲು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಬೈದಿದ್ದ ಊರಿನವರೂ ಬಂದು ನೋಡಿದರು. ಅವರಲ್ಲಿ ಒಬ್ಬ ಅಜ್ಜನ ಕಾಲು ಮುಟ್ಟಿದ.

ಅದಾದ ಮರುವರ್ಷ ಮೇಷ್ಟ್ರು ನಿವೃತ್ತರಾಗಿ ಯಗಟಿಗೆ ಹೋದರು. ತಿಂಗಳಿಗೊಮ್ಮೆ ಫೋನು ಮಾಡಿ ನನ್ನ ಯೋಗಕ್ಷೇಮಕ್ಕಿಂತ ಮೊದಲು ಸಸಿಗಳದ್ದು ಕೇಳುತ್ತಿದ್ದರು. ಹೃದಯದ ತೊಂದರೆ ಮೊದಲೇ ಇತ್ತಂತೆ, ನಮಗೆ ಹೇಳಿರಲಿಲ್ಲ. ಒಂದು ಬೆಳಗ್ಗೆ ಅವರ ಹೆಂಡತಿ, ಟೀಚರೇ ಫೋನು ಮಾಡಿದರು. ನಾನು, ಅವ್ವ, ಅಜ್ಜ ಮೂವರೂ ಕಡೂರಿಗೆ ಹೋಗಿ ಅಲ್ಲಿಂದ ಯಗಟಿಯ ಬಸ್ಸು ಹಿಡಿದೆವು. ಹೊಲದ ಮೂಲೆಯಲ್ಲಿ ಅವರನ್ನು ಮಣ್ಣು ಮಾಡಿದರು. ಅವ್ವ ಹೊಟ್ಟೆಯಲ್ಲಿ ಹುಟ್ಟಿದ ಮಗನಿಗೆ ಅಳುವಂತೆ ಅತ್ತಳು. ಅಜ್ಜ ಗುಂಡಿಯ ಅಂಚಿನಲ್ಲಿ ನಿಂತು, ಸಸಿ ಎದೆಯುದ್ದ ಆದಾವೆ ಮೇಷ್ಟ್ರೇ ಎಂದು ಗಟ್ಟಿಯಾಗಿ ವರದಿ ಒಪ್ಪಿಸಿದ.

ಈ ಸಲದ ಆಷಾಢದ ಗಾಳಿಗೆ ಬನದ ಹಳೇ ಧೂಪದ ಮರ ಉರುಳಿತು. ಸಸಿಗಳಿಗೆ ಏನಾಯಿತೋ ಎಂದು ನಾನು ಬೈಕು ಹತ್ತಿ ಓಡಿದೆ. ದೇವರ ದಯೆ, ಮರ ಇಳಿಜಾರಿನ ಕಡೆಗೆ ಬಿದ್ದಿತ್ತು, ಸಸಿಗಳು ಹಾಗೇ ನಿಂತಿದ್ದವು. ಆದರೆ ನನಗಿಂತ ಮೊದಲೇ ಒಬ್ಬ ನಾಟಾ ವ್ಯಾಪಾರಿ ಬಂದಾಗಿತ್ತು. ಹಿಂದೆ ಬಿದ್ದ ಧೂಪದ ಮರಗಳನ್ನೆಲ್ಲ ಹರಾಜು ಹಾಕಿ ಆ ದುಡ್ಡಿನಲ್ಲೇ ಗುಡಿಗೆ ನೆಲ ಹಾಕಿಸಿದ್ದರಂತೆ. ಇದನ್ನು ಕೊಟ್ಟರೆ ಮೇಲಿನ ಸೂರೂ ಆಗುತ್ತದೆ ಎಂದು ಊರಿನ ಕೆಲವರು ಲೆಕ್ಕ ಹಾಕುತ್ತಿದ್ದರು. ಅಜ್ಜ ಬಿದ್ದ ಮರದ ಮೇಲೆ ಕೂತಿದ್ದ. ಎಲ್ಲರೂ ಮಾತಾಡಿ ಮುಗಿಸುವವರೆಗೆ ಕಾದ.

"ಸೂರು ಬೇಕಾದ್ರೆ ನನ್ನ ಒಂದು ಎತ್ತು ಮಾರಿ ಹಾಕ್ಸಿ. ಇದು ನಮ್ದಲ್ಲ ಕಣ್ರಪ್ಪಾ. ಆ ಮಕ್ಳ ಊಟ. ಇಲ್ಲೇ ಕೊಳೀಲಿ ಬಿಡಿ" ಎಂದು ಸಸಿಗಳ ಕಡೆಗೆ ಕೈ ತೋರಿಸಿದ.

ವ್ಯಾಪಾರಿ ಬರಿಗೈಯಲ್ಲಿ ಹೋದ. ನಾನು ಅಲ್ಲಿಂದಲೇ ಟೀಚರಿಗೆ ಫೋನು ಹಚ್ಚಿ ನಡೆದದ್ದನ್ನು ಹೇಳಿದೆ. ಅವರು ಮೆಲ್ಲಗೆ ಕೇಳಿದರು.

"ಪೂರ್ತಿ ಬಿಟ್ಬಿಟ್ರಾ? ಸೌದೆಗೆ ಅಂತಾನೂ ಯಾರೂ ಕಡೀಲಿಲ್ವಾ?"

"ಒಂದು ಕೊಂಬೇನೂ ಕಡೀಲಿಲ್ಲ ಟೀಚರ್" ಎಂದೆ.

ಅವರು ಅಳುವುದು ನನಗೆ ಕೇಳಿಸುತ್ತಿತ್ತು. ನಾನೂ ಫೋನಿಡಲಿಲ್ಲ.